ನಾಲ್ಕು ಬಾಯಿಯ ಗೋಪುರ

ಇರಾನಿನ ಮೇಬೋದ್ ಊರಿನ ಗಾರೆ ಕೆಲಸದ ಯದುಲ್ಲಾನಿಗೆ ಎಪ್ಪತ್ತು ದಾಟಿದ್ದರೂ ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಹೊಸ ಸಮುದಾಯ ಭವನದ ಕಲ್ಲಿನ ಫಲಕದಲ್ಲಿ ‘ಮಾರ್ಗದರ್ಶನ: ಉಸ್ತಾದ್ ಯದುಲ್ಲಾ’ ಎಂದು ಅವನನ್ನು ಕೇಳದೆಯೇ ಕೆತ್ತಿಸಿದ್ದರು. ಐವತ್ತು ವರ್ಷ ಒಳ್ಳೊಳ್ಳೆ ಕಟ್ಟಡ ಕಟ್ಟಿದವನು ಒಂದಕ್ಕೂ ಹೆಸರು ಹಾಕಿಸಿಕೊಂಡವನಲ್ಲ. ಈಗ ಹೆಸರು ಬಂದದ್ದು ಇಂಥದ್ದರ ಮೇಲೆ!

ಕರೆಂಟಿಲ್ಲದೆ ಭವನ ತಂಪಾಗಿರಲೆಂದು ತೆಹ್ರಾನಿನ ಇಂಜಿನಿಯರ್ ಕಿಯಾರಶ್ ಗಾಳಿ ಹಿಡಿದು ಒಳಗಿಳಿಸುವ ಗೋಪುರ ಎಬ್ಬಿಸಿದ್ದ. ಯಜ್ದ್ ಪಟ್ಟಣದಲ್ಲಿರುವಂತೆ ನಾಲ್ಕು ದಿಕ್ಕಿಗೂ ಬಾಯಿ. ಮೇಬೋದಿಗೆ ತಂಪು ಗಾಳಿ ಬರುವುದು ಒಂದೇ ಕಡೆಯಿಂದ. ಉಳಿದ ಕಡೆಯಿಂದ ಬರುವುದು ಮರಳುಗಾಡಿನ ಧೂಳು.

ಉದ್ಘಾಟನೆಯ ದಿನ ಯದುಲ್ಲಾ ಭವನದೊಳಗೆ ಗೋಪುರದ ಕೆಳಗೇ ಕೂತು, ಚಹಾ ಮುಟ್ಟದೆ ಮುಂದಿಟ್ಟುಕೊಂಡ. ಭಾಷಣ ಮುಗಿಯುವಷ್ಟರಲ್ಲಿ ಚಹಾದ ಮೇಲೆ ಧೂಳು ಕೆನೆಗಟ್ಟಿತ್ತು.

“ಕುಡೀರಿ ಇಂಜಿನಿಯರ್ ಸಾಹೇಬ್ರೇ, ನಿಮ್ ಗೋಪುರ ಹಾಕಿದ ಸಕ್ರೆ.”

“ಉಸ್ತಾದ್, ಈ ಡಿಸೈನಿಗೆ ಬಹುಮಾನ ಬಂದಿದೆ!”

“ಕೊಟ್ಟೋರು ಇಲ್ಲಿ ಬಂದು ಉಸಿರಾಡಿದ್ರಾ? ನಮ್ಮೂರ ಕತ್ತೆ ಕೂಡ ಧೂಳುಗಾಳಿಗೆ ಬೆನ್ನು ತಿರುಗಿಸ್ತದೆ.”

“ಈಗೇನ್ ಮಾಡೋದು?”

“ಮೂರು ಬಾಯಿ ಮುಚ್ಬೇಕು. ನಿಂದೂ ಸೇರಿದ್ರೆ ನಾಲ್ಕು. ಅದಕ್ಕೂ ಮೊದ್ಲು ನನ್ ಹೆಸರು ತೆಗಿ.”

“ಕಲ್ಲಲ್ಲಿ ಕೆತ್ತಿಯಾಗಿದೆಯಲ್ಲ ಉಸ್ತಾದ್, ತೆಗೆಯೋಕಾಗಲ್ಲ.”

ಮರುದಿನ ಬೆಳಿಗ್ಗೆ ಯದುಲ್ಲಾ ಇಟ್ಟಿಗೆ, ಕಲಸಿದ ಮಣ್ಣು ಹೊತ್ತು ಬಂದ. ಮೊದಲ ಹಿಡಿ ಮಣ್ಣನ್ನು ಫಲಕದಲ್ಲಿದ್ದ ತನ್ನ ಹೆಸರಿಗೆ ಮೆತ್ತಿ, ಕರಣೆಯಿಂದ ನುಣ್ಣಗೆ ಸವರಿ, ಆಮೇಲೆ ಗೋಪುರಕ್ಕೆ ಏಣಿ ಹಾಕಿದ.