ಬಲ ತುದಿಯ ಹುಡುಗಿ

ಬಸ್ ನಿಲ್ದಾಣದ ಎದುರಿನ ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹೆಂಗಸನ್ನು ಬೀದಿಗೆ ಬೀದಿಯೇ ಕರೆಯುವುದು ಕತ್ತರಿ ಅಕ್ಕ ಎಂದು. ಅವಳು ಕತ್ತರಿ ಮುಟ್ಟಿ ಎಷ್ಟೋ ವರ್ಷವಾಯಿತು, ಈಗೇನಿದ್ದರೂ ಮೌಸ್. ಆದರೂ ಹೆಸರು ಅಂಟಿಕೊಂಡಿದೆ. ಅವಳ ನಾಲಿಗೆಯನ್ನು ಒಮ್ಮೆ ಕೇಳಿದವರಿಗೆ ಯಾಕೆಂದು ತಿಳಿಯುತ್ತದೆ.

ಅರ್ಜಿಗೆ ಹಾಕುವ ಫೋಟೋವನ್ನು ತಾವೇ ಅಡ್ಡಡ್ಡ ಹಿಗ್ಗಿಸಿ, ಮುಖವನ್ನು ಕುಂಬಳಕಾಯಿ ಮಾಡಿಕೊಂಡು ಬರುವ ಗಿರಾಕಿಗಳಿಗೆ ಮೊದಲು ಬೈಗುಳ, ಆಮೇಲೆ ಕೆಲಸ. "ಮೂಲೆ ಹಿಡಿದು ಎಳೀಬೇಕು ಕಣಪ್ಪಾ. ಪಕ್ಕ ಹಿಡಿದು ಎಳೆದ್ರೆ ಹೆತ್ತಮ್ಮನಿಗೂ ಗುರುತು ಸಿಗಲ್ಲ." ಬೋಳುತಲೆಗೆ ಕೂದಲು ಬರಿಸಿಕೊಡಿ ಎಂದವರಿಗೆ, "ಕತ್ತರಿಸೋದು ನನ್ನ ಕೆಲಸ, ಬೆಳೆಸೋದಲ್ಲ." ಬೈಸಿಕೊಂಡವರೇ ಮತ್ತೆ ಬರುತ್ತಾರೆ. ಅವಳು ಅಳತೆಗೆ ತಂದ ಫೋಟೋದಲ್ಲಿ ತಲೆಯ ಮೇಲೆ ಎಷ್ಟು ಜಾಗ ಬೇಕೋ ಅಷ್ಟೇ ಇರುತ್ತದೆ, ಭುಜ ಮುಗಿಯಬೇಕಾದಲ್ಲೇ ಮುಗಿಯುತ್ತದೆ.

ಅವಳನ್ನೂ ಒಮ್ಮೆ ಕತ್ತರಿಸಿ ಎಸೆದಿದ್ದರು. ಮದುವೆಯಾದ ಹೊಸದರಲ್ಲೇ ಗಂಡ ಕೈ ಮಾಡಿದ. ಇವಳು ಬಟ್ಟೆಬರೆ ಗಂಟು ಕಟ್ಟಿಕೊಂಡು ತವರಿಗೆ ಬಂದಳು. ಹೊಂದಿಕೊಂಡು ಹೋಗು ಎಂದರು ಮನೆಯವರು. ಇವಳು ಹೊಂದಿಕೊಳ್ಳಲೂ ಇಲ್ಲ, ಹೋಗಲೂ ಇಲ್ಲ. ಒಂದು ಬಾಡಿಗೆ ಕೋಣೆ ಹಿಡಿದಳು, ಈ ಸ್ಟುಡಿಯೋ ಸೇರಿದಳು. ಅಪ್ಪ ಅಮ್ಮ ಇರುವ ತನಕ ಕದ್ದುಮುಚ್ಚಿ ಒಂದೆರಡು ಮಾತಿತ್ತು. ಅವರು ಹೋದ ಮೇಲೆ ತಮ್ಮ ಅದನ್ನೂ ನಿಲ್ಲಿಸಿದ. ಅಕ್ಕ ಎಲ್ಲಿದ್ದಾಳೆ, ಏನು ಮಾಡುತ್ತಾಳೆ ಎಂದು ಅವನು ಕೇಳಿದ್ದೇ ಇಲ್ಲ.

ಹೀಗಿರುವಾಗ ಸ್ಟುಡಿಯೋ ಯಜಮಾನ ಒಂದು ಬೆಳಿಗ್ಗೆ ಒಳಕೋಣೆಗೆ ಇಣುಕಿ ಹೇಳಿದ:

"ಹಳೇ ಮನೆಮಂದಿ ಫೋಟೋ ಒಂದು ಕಳಿಸಿದ್ದೀನಿ ನೋಡು. ದೊಡ್ಡದು ಮಾಡಿ ಫ್ರೇಮ್ ಹಾಕ್ಬೇಕಂತೆ. ಬಲ ತುದೀಲಿರೋ ಹುಡುಗಿ ಬೇಡ್ವಂತೆ. ಅವರ ಮಗಳಿಗೆ ಸಂಬಂಧ ಗೊತ್ತಾಗಿದೆ. ಬೀಗರು ಮನೆಗೆ ಬಂದಾಗ ಇವಳ್ಯಾರು ಅಂತ ಕೇಳಬಾರದಂತೆ."

ಅವಳು ಫೋಟೋ ತೆರೆದಳು. ಕಪ್ಪುಬಿಳುಪು. ಕುರ್ಚಿಗಳ ಮೇಲೆ ಅಪ್ಪ, ಅಮ್ಮ. ಅಮ್ಮನ ಮಡಿಲಲ್ಲಿ ತಲೆ ಬೋಳಿಸಿದ ಒಂದು ಮಗು. ಬಲ ತುದಿಯಲ್ಲಿ ಮಾಸಿದ ಫ್ರಾಕಿನ ಹುಡುಗಿ, ಅವಳ ಸೊಂಟದ ಮೇಲೆ ಇನ್ನೊಂದು ಕೂಸು, ಅದರ ಮುಖ ಹುಡುಗಿಯ ಕುತ್ತಿಗೆಯಲ್ಲಿ ಹುದುಗಿದೆ.

ಮೊದಲು ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಅಳು ಬಂತು. ಅಳುವನ್ನು ನುಂಗಿ ಸಿಟ್ಟನ್ನು ಉಳಿಸಿಕೊಂಡಳು.

"ಇದನ್ನ ನಾನು ಮಾಡಲ್ಲ."

"ಯಾಕೆ, ಆಗಲ್ವಾ?"

"ಟೀ ಕುಡಿಯೋಷ್ಟರಲ್ಲಿ ಆಗುತ್ತೆ. ಮಾಡಲ್ಲ."

"ಅವರ ಫೋಟೋ, ಅವರಿಷ್ಟ ಮಾರಾಯ್ತಿ. ಮದುವೆ ಕೆಲಸಾನೂ ನಮಗೇ ಕೊಡ್ತೀನಿ ಅಂದಿದ್ದಾರೆ. ಹೀಗೆಲ್ಲ ಹಟ ಮಾಡಿದ್ರೆ ನಿನ್ನ ಕುರ್ಚೀಲಿ ಬೇರೆಯವರನ್ನ ಕೂರಿಸ್ಬೇಕಾಗುತ್ತೆ."

"ಕೂರಿಸಿ. ಅದಕ್ಕೆ ಮುಂಚೆ ಆ ಮನುಷ್ಯನ್ನ ಕರೆಸಿ. ನನ್ನ ಮುಖ ನೋಡಿ ಹೇಳ್ಲಿ."

ಯಜಮಾನ ಪರದೆಯ ಮೇಲಿನ ಹುಡುಗಿಯನ್ನು ನೋಡಿದ, ಕುರ್ಚಿಯಲ್ಲಿದ್ದವಳನ್ನು ನೋಡಿದ. ಅದೇ ಗದ್ದ, ಅದೇ ಬಿಗಿದ ತುಟಿ. ಫೋನು ಹಚ್ಚಿದ.

ತಮ್ಮ ಮಧ್ಯಾಹ್ನ ಬಂದ. ಒಳಕೋಣೆಯ ಬಾಗಿಲಲ್ಲಿ ಅಕ್ಕನನ್ನು ಕಂಡು ನಿಂತಲ್ಲೇ ನಿಂತ.

"ಅಕ್ಕಾ, ಇಲ್ಲಿ ಜಗಳ ಬೇಡ. ನನ್ನ ಮಗಳ ಬಾಳಿನ ಪ್ರಶ್ನೆ."

"ಜಗಳ ಯಾರು ಮಾಡಿದ್ರು? ಕೂತ್ಕೋ. ಮೌಸ್ ಹಿಡ್ಕೋ. ಕತ್ತರಿಸೋ ಗೆರೆ ಎಲ್ಲಿಗೆ ಬರಬೇಕೋ ನೀನೇ ಎಳಿ."

ಅವನು ಬೆವರುತ್ತ ಕೂತ. ಬಲ ಅಂಚಿನ ಗೆರೆಯನ್ನು ಅಮ್ಮನ ಕುರ್ಚಿಯವರೆಗೆ ಎಳೆದು ತಂದ. ಗೆರೆಯಾಚೆಯ ಹುಡುಗಿಯೂ ಕೂಸೂ ಮಬ್ಬಾದರು.

"ಆ ಕೂಸು?" ಕೇಳಿದಳು ಅಕ್ಕ.

"ಪಕ್ಕದ ಮನೆಯವರದ್ದೇನೋ. ಹೋಗ್ಲಿ ಬಿಡು."

"ಹಾಗಾದ್ರೆ ಇದ್ರಲ್ಲಿ ನೀನ್ಯಾರು?"

"ಇವನು." ಮಡಿಲಲ್ಲಿದ್ದ ಬೋಳುತಲೆಯ ಮೇಲೆ ಬೆರಳಿಟ್ಟ. ದನಿಯಲ್ಲಿ ಸಣ್ಣ ಜಂಬವೂ ಇತ್ತು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಪೆದ್ದೇ, ಅದು ನಮ್ಮ ನಡುವಿನವಳು, ನಿನ್ನ ಚಿಕ್ಕಕ್ಕ! ಜ್ವರ ಬಂತು ಅಂತ ತಲೆ ಬೋಳಿಸಿದ್ರು. ಅಮ್ಮನ ಮಡಿಲು ಬಿಟ್ಟು ಇಳೀತಾನೇ ಇರ್ಲಿಲ್ಲ. ಬೇಕಾದ್ರೆ ಈಗ್ಲೇ ಫೋನ್ ಮಾಡಿ ಅವಳನ್ನೇ ಕೇಳು."

ಮೌಸನ್ನು ಅವನ ಕೈಯಿಂದ ತೆಗೆದುಕೊಂಡು ಸೊಂಟದ ಮೇಲಿನ ಕೂಸನ್ನು ಹಿಗ್ಗಿಸುತ್ತ ಹೋದಳು. ಪರದೆಯ ತುಂಬ ಕಾಳುಕಾಳು ಚುಕ್ಕೆ, ಅದರ ನಡುವೆ ಒಂದು ಪುಟ್ಟ ಕಿವಿ. ಮೇಲಂಚು ಹುಳು ತಿಂದ ಎಲೆಯಂತೆ ಸೀಳಿತ್ತು.

ತಮ್ಮನ ಕೈ ತನ್ನಷ್ಟಕ್ಕೆ ತಾನೇ ತನ್ನ ಕಿವಿಗೆ ಹೋಯಿತು. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಸೀಳು ಅದು.

"ಅವತ್ತು ನೀನು ಯಾರ ಹತ್ರಾನೂ ನಿಲ್ಲಲಿಲ್ಲ," ಎಂದಳು ಅಕ್ಕ. "ಕ್ಯಾಮೆರಾ ನೋಡಿ ಹೆದರಿ ನನ್ನ ಕುತ್ತಿಗೆಗೆ ಮುಖ ಒತ್ತಿದೆ. ನನ್ನ ಸೊಂಟ ಬಿದ್ದುಹೋಗ್ತಿತ್ತು. ಇಳಿಸಿದ್ರೆ ಅರಚ್ತಿದ್ದೆ, ಅದಕ್ಕೆ ಇಳಿಸಲಿಲ್ಲ. ಈಗ ಎಂಟರ್ ಒತ್ತು. ನಾನು ಹೋಗ್ತೀನಿ, ನೀನೂ ನನ್ನ ಜೊತೆ ಬರ್ತೀಯ."

ಅವನು ಒತ್ತಲಿಲ್ಲ. ಆದರೂ ಆಸೆ ಬಿಡಲಿಲ್ಲ. "ಕೂಸನ್ನ ಮಾತ್ರ ಬೇರೆ ಮಾಡಿ ಅಮ್ಮನ ಪಕ್ಕ ಇಡೋಕಾಗಲ್ವಾ?"

ಅವಳ ಮೈ ಉರಿಯಿತು. "ಆಗುತ್ತೆ. ನಿನ್ನ ಬೆನ್ನ ಮೇಲೆ ನನ್ನ ಕೈ ಇದೆ ನೋಡು. ಬೆರಳು ಒಂದೊಂದಾಗಿ ಅಳಿಸ್ಬೇಕು. ಬೇರೆ ಅಂಗಡೀಲಿ ಮಾಡ್ಕೊಡ್ತಾರೆ, ಪಕ್ಕದಲ್ಲಿ ಕೂತು ನೋಡ್ತಾ ಇರು. ನಾನು ಈ ಕುರ್ಚೀಲಿ ಇರೋ ತನಕ ಇಲ್ಲಿ ಅದು ನಡೆಯಲ್ಲ."

ಬಾಗಿಲಲ್ಲಿ ನಿಂತಿದ್ದ ಯಜಮಾನ ಕೆಮ್ಮಿದ. "ಪೂರ್ತಿ ಫೋಟೋ ಆದ್ರೆ ನಾಳೆಗೇ ಕೊಡ್ತೀವಿ ಸಾರ್. ಅರ್ಧದ್ದು ನಮ್ಮಲ್ಲಿ ಮಾಡಲ್ಲ."

ತಮ್ಮ ಆ ಕಿವಿಯಿಂದ ಕಣ್ಣು ತೆಗೆಯದೆ ಕೇಳಿದ, "ಬೀಗರು ಕೇಳಿದ್ರೆ ಏನು ಹೇಳ್ಲಿ?"

"ಇದ್ದದ್ದು ಹೇಳು. ಇವಳು ನಮ್ಮ ದೊಡ್ಡಕ್ಕ, ಗಂಡನ್ನ ಬಿಟ್ಟು ಬಂದವಳು, ನನ್ನನ್ನ ಮಾತ್ರ ಕೆಳಗಿಳಿಸಲಿಲ್ಲ ಅನ್ನು. ಅಷ್ಟಕ್ಕೇ ಮುರಿಯೋ ಸಂಬಂಧ ಆದ್ರೆ ಈಗ್ಲೇ ಮುರೀಲಿ."

ಅವಳು ಉತ್ತರಕ್ಕೆ ಕಾಯದೆ ಚಿತ್ರವನ್ನು ಮೊದಲಿನಷ್ಟಕ್ಕೆ ಕುಗ್ಗಿಸಿ ಗೆರೆಯನ್ನು ಮತ್ತೆ ಬಲ ಅಂಚಿಗೆ ತಳ್ಳಿದಳು, ಹುಡುಗಿಯೂ ಕೂಸೂ ಬೆಳಕಿಗೆ ಬಂದರು.

"ನಿಮ್ಮ ಗೋಡೆ ಎಷ್ಟು ಅಗಲ?"

ತಮ್ಮ ಎರಡೂ ಕೈ ಚಾಚಿ ತೋರಿಸಿದ.

"ಸಾಕು," ಎಂದಳು ಕತ್ತರಿ ಅಕ್ಕ, ಮೂಲೆ ಹಿಡಿದು ಎಳೆಯುತ್ತ. "ಎಲ್ಲರೂ ಹಿಡಿಸ್ತೀವಿ."