ಚಿಪ್ ಒಳಗಿನ ಗಡಿಯಾರ, ಅವ್ವನ ಕೋಳಿ ತತ್ತಿ

ಕೋಳಿ ಮಾಡೋ ಕೆಲಸಾನ ಕೋಳಿಗಿಂತ ಚಂದ ಮಾಡ್ತೀನಿ ಅಂತ ಹೊಂಟು, ಅವ್ವನ ಕೋಳಿ ವಂಶಾನ ಮುಗಿಸಿದ ದಡ್ಡ ನಾನು. ಇಡೀ ಬಳ್ಳಾರಿ ಜಿಲ್ಲಾದಾಗ ನನ್ನಂಥಾವ ಇನ್ನೊಬ್ಬ ಇದ್ರ ತೋರಿಸ್ರಿ, ಇಬ್ರೂ ಕೂಡಿ ಸಂಘ ಕಟ್ತೀವಿ.

ಅವ್ವ ತೀರಿಕೊಂಡ ಮ್ಯಾಲೆ ಸಿರುಗುಪ್ಪದ ಮನಿಯಿಂದ ಅಕ್ಕ ಬ್ಯಾರೆ ಏನೂ ಕೇಳಲಿಲ್ಲ. ಅವ್ವ ಸಾಕಿದ್ದ ಕರಿ ಕೋಳಿನ ಬುಟ್ಟಿಯಾಗ ಇಟ್ಕೊಂಡು ಬಸ್ಸಿನ್ಯಾಗ ಕುರುಗೋಡಿನ ತನ್ನ ಮನಿಗೆ ತಂದ್ಲು. ಈ ಬ್ಯಾಸಿಗ್ಯಾಗ ಅದು ಕಾವಿಗೆ ಕುಂತಾಗ ನಾಯಿ ಹಿಡೀತು. ತತ್ತಿ ಮಾತ್ರ ಉಳಿದಿದ್ವು.

"ಬಾಜೂ ಮನಿಯಾಗ ಒಂದು ಕೋಳಿ ಕಾವಿಗೆ ಬಂದೈತಿ, ಅದರ ಕೆಳಗ ಇಡೋಣು," ಅಂದ್ಲು ಅಕ್ಕ.

ಆವತ್ತು ನಾನು ಅಕ್ಕನ ಮನಿಗೆ ಬಂದಿದ್ದೆ. ಬಳ್ಳಾರಿಯಾಗ ಇನ್ವರ್ಟರ್ ರಿಪೇರಿ ಮಾಡಾವ, ಸುಮ್ಮನಿರ್ತೀನೇನು. "ಆ ಕೋಳಿಗೇನು ಗೊತ್ತು ಟೆಂಪರೇಚರ್ರು? ಸಂಜಿಯೊಳಗ ಪೆಟ್ಟಿಗಿ ಮಾಡಿಕೊಡ್ತೀನಿ," ಅಂದೆ. ಅಕ್ಕ ನಂಬಿ, ತತ್ತಿ ಎಲ್ಲಾ ದುಪ್ಪಟಿಯಾಗ ಸುತ್ತಿ ಮಡಿಲಾಗ ಇಟ್ಕೊಂಡು ಕುಂತ್ಲು.

ಥರ್ಮಕೋಲ್ ಡಬ್ಬಿ, ಒಂದು ಬಲ್ಬು, ಎರಡು ಚಿಪ್. ಒಳಗಿನ ಚಿಪ್ ಬಿಸಿ ಎಷ್ಟೈತಿ ಅಂತ ವೈರಿನ್ಯಾಗ ಹೇಳಬೇಕು, ಹೊರಗಿನದು ಅದನ್ನ ಕೇಳಿ ಬಲ್ಬು ಹಚ್ಚಬೇಕು, ಆರಿಸಬೇಕು. ಚಿಪ್ ಒಳಗ ಒಂದೊಂದು ಗಡಿಯಾರ ಇರ್ತೈತಿ, ಎರಡೂ ಒಂದ ವೇಗದಾಗ ಓಡಿದ್ರ ಮಾತು ತಿಳೀತೈತಿ. ಬಿಸಿಗೆ ಆ ವೇಗ ತಪ್ಪಬಾರದು ಅಂತ ಕ್ರಿಸ್ಟಲ್ ಅನ್ನೋ ಒಂದು ಸಣ್ಣ ಸಾಮಾನು ಹಾಕ್ತಾರ. ಅದು ಬಳ್ಳಾರಿಯ ನನ್ನ ಅಂಗಡಿಯಾಗ ಉಳಿದಿತ್ತು. ಈ ಬಿಸಲಾಗ ಯಾರು ಹೋಗ್ತಾರ ಅಂತ ಚಿಪ್ ಒಳಗ ಮೊದಲಿಂದ ಇರೋ ಗಡಿಯಾರಾನ ನಂಬಿದೆ. ಮೇಜಿನ ಮ್ಯಾಲೆ ಎರಡೂ ಹೊಸಾ ಗಂಡ ಹೆಂಡ್ತಿ ಹಂಗ ಮಾತಾಡಿದ್ವು. ಸಂಜಿಗೆ ತತ್ತಿ ಡಬ್ಬಿಯಾಗ ಇಟ್ಟು, ಓಣಿ ತುಂಬ ಹೇಳ್ಕೊಂಡು ಬಂದೆ.

ಒಳಗಿನ ಚಿಪ್‌ನ ಬಲ್ಬಿನ ಮಗ್ಗಲಕ್ಕ ಅಂಟಿಸಿದ್ದೆ, ಮಹಾ ಬುದ್ಧಿವಂತ. ಕಾದಂಗ ಕಾದಂಗ ಅದರ ಗಡಿಯಾರ ದಾರಿ ತಪ್ಪಿತು, ಅದು ಹೇಳೋದು ಹೊರಗಿನದಕ್ಕ ತಿಳೀಲಿಲ್ಲ. ತಿಳೀದಿದ್ರ ಹಿಂದ ಕೇಳಿದ್ದನ್ನ ನಂಬು ಅಂತ ಅದರ ಪ್ರೋಗ್ರಾಮಿನ್ಯಾಗ ಬರದಾವನೂ ನಾನ. ಹಿಂದ ಕೇಳಿದಾಗ ಡಬ್ಬಿ ಇನ್ನೂ ತಣ್ಣಗಿತ್ತು. ರಾತ್ರಿ ಇಡೀ ಬಲ್ಬು ಆರಲೇ ಇಲ್ಲ.

ಮುಂಜಾನಿ ಅಕ್ಕ ಒಂದು ತತ್ತಿ ಒಡದು ನೋಡಿದ್ಲು. ಮರಿಗೆ ಪುಕ್ಕ ಬಂದಿತ್ತು. ಕರಿ ಪುಕ್ಕ.

ಹಿತ್ತಲದಾಗ ತಗ್ಗು ತೋಡಿ ಎಲ್ಲಾನೂ ಮುಚ್ಚೋವಾಗ ನಾನು ಸುಮ್ಮನಿರಲಾರದ, "ಅಕ್ಕಾ, ಆ ಕೋಳಿ ಮ್ಯಾಲಿಂದ ಬಂದು ಕೇಸ್ ಹಾಕಿದ್ರ ನನಗ ವಕೀಲನ್ನ ನೀನ ನೋಡ್ಬೇಕು," ಅಂದೆ.

ಆಕಿ ಮಣ್ಣು ಎಳಿಯೋದು ನಿಲ್ಲಿಸಿದ್ಲು.

"ತಮ್ಮಾ, ಅವ್ವ ಹೋದಾಗೂ ನೀ ಹಿಂಗ ನಗಿಸಿದಿ. ಇವತ್ತಾರ ಅಳಾಕ ಬಿಡಪಾ."