ಅಪ್ಪನಿಗೆ ಬೇಡವಾದ ಹಕ್ಕು

ಅಪ್ಪ ಗಣಿಗೆ ಒಯ್ಯುತ್ತಿದ್ದ ಬುತ್ತಿಯ ಡಬ್ಬಿಯಲ್ಲಿ ಅಮ್ಮ ಈಗ ಹಸುಗಳಿಗೆ ಹಾಕುವ ಉಪ್ಪು ತುಂಬಿಟ್ಟಿದ್ದಾಳೆ. ಚಿಕ್ಕವರಿದ್ದಾಗ ಆ ಡಬ್ಬಿಯ ತಳದಲ್ಲಿ ಅಪ್ಪ ಉಳಿಸಿ ತರುತ್ತಿದ್ದ ಚಿತ್ರಾನ್ನದ ತುತ್ತಿಗೆ ನಾವು ಮಕ್ಕಳು ಕಚ್ಚಾಡುತ್ತಿದ್ದೆವು. ಪಾತಾಳಕ್ಕೆ ಇಳಿದು ಬಂದ ಅನ್ನಕ್ಕೆ ಬೇರೆಯೇ ರುಚಿ ಎಂಬ ನಂಬಿಕೆ ನಮ್ಮದು. ಈಗ ಅದರ ಮುಚ್ಚಳ ಸದ್ದು ಮಾಡಿದರೆ ಸಾಕು, ಜಗುಲಿಯಲ್ಲಿ ಕೂತ ಅಪ್ಪನಿಗೆ ತಾನು ದುಡಿದ ಕೋರಮಂಡಲ್ ಚಿನ್ನದ ಗಣಿ ನೆನಪಾಗಿ, ಬಂಡೆಯ ಬಿಸಿ, ಕೆಳಗಿಳಿಸುವ ಕಬ್ಬಿಣದ ಪಂಜರ, ತಮಿಳಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದ ಗೆಳೆಯರು, ಎಲ್ಲ ಒಂದರ ಹಿಂದೊಂದು ಬರುತ್ತವೆ. “ಶುರುವಾಯ್ತು ಪುರಾಣ,” ಎಂದು ಅಮ್ಮ ಕೊಟ್ಟಿಗೆಗೆ ನಡೆಯುತ್ತಾಳೆ. ಗಣಿ ಮುಚ್ಚಿ ಎಷ್ಟೋ ವರ್ಷಗಳಾದವು, ಕೇಳುವವರಾದರೂ ಯಾರು ಹೇಳಿ?

ನಾನು ವಕೀಲೆ. ಪೊಲೀಸರ ಪ್ರಶ್ನೆಗೆ ಉತ್ತರಿಸಿ ಯಾರೂ ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳಬೇಕಾಗಿಲ್ಲ, ಸುಮ್ಮನಿರುವುದೂ ಒಂದು ಹಕ್ಕು ಎಂದು ಕ್ಯಾಸಂಬಳ್ಳಿಯಿಂದ ಬಂಗಾರಪೇಟೆಯವರೆಗೆ ಕಂಡವರಿಗೆಲ್ಲ ಉಪದೇಶ ಮಾಡುತ್ತಾ ಬಂದವಳು. ಮನೆಯಲ್ಲಿ ಮಾತ್ರ ಆ ಮಾತು ಎತ್ತಿರಲಿಲ್ಲ.

ಹೀಗಿರುವಾಗ ಪಾಳುಬಿದ್ದ ಗಣಿಯ ಕೊಠಡಿಯೊಂದರಿಂದ ತಾಮ್ರದ ಕೇಬಲ್ ಕಳುವಾಯಿತು. ದಿನವೂ ಆ ಕಡೆ ಹಸುಗಳಿಗೆ ಹುಲ್ಲು ಕೊಯ್ಯಲು ಹೋಗುವ ಅಪ್ಪನ ಮೇಲೆ ಅನುಮಾನ ಬಂದು, ವಿಚಾರಣೆಗೆ ನೋಟಿಸು ಬಂತು. ಅಪ್ಪ ಮದುವೆಗೆ ಹೊರಟವನಂತೆ ಒಗೆದ ಅಂಗಿ ತೊಟ್ಟ. ಠಾಣೆಯಲ್ಲಿ ನಾನು ಬಾಗಿಲಾಚೆಯ ಬೆಂಚಿನ ಮೇಲೆ ಕೂತೆ. ಯಂತ್ರಗಳ ಗದ್ದಲದಲ್ಲಿ ಮಾತಾಡಿ ಕಲಿತ ಅಪ್ಪನ ದನಿ ಬೀದಿಗೂ ಕೇಳುತ್ತಿತ್ತು.

“ಆ ಕೊಠಡಿ ಗೊತ್ತಾ ಯಜಮಾನ್ರೇ?” ಎಂದರು ಸಬ್ ಇನ್ಸ್‌ಪೆಕ್ಟರು.

“ಗೊತ್ತಾ ಅಂತೀರಾ! ಆ ಕೇಬಲ್ ಎಳ್ದಿದ್ದೇ ನಾನು ಸ್ವಾಮಿ. ಬೀಗ ಆಕಿದ್ರೂ ಆ ಬಾಗ್ಲು ಎತ್ತಿ ನೂಕಿದ್ರೆ ಬಂದ್ಬುಡ್ತದೆ. ಕಣ್ಮುಚ್ಕೊಂಡು ತೋರಿಸ್ತೀನಿ!”

ಅಯ್ಯೋ ಶಿವನೇ! ಹೆದರಿ ಬಾಯಿಬಿಡುವವರನ್ನು ಕಂಡಿದ್ದೆ, ಏಟಿಗೆ ಬಾಯಿಬಿಟ್ಟವರ ಕಥೆ ಕೇಳಿದ್ದೆ. ಕೇಳುವ ಕಿವಿಯೊಂದು ಸಿಕ್ಕಿತೆಂಬ ಸಂತೋಷಕ್ಕೆ ಬಾಯಿಬಿಡುವವನನ್ನು ನೋಡಿದ್ದು ಅದೇ ಮೊದಲು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ಅದು ಕೋರ್ಟಿಗೆ ಹೋಗಿ ಬಿದ್ದುಹೋಗುವಷ್ಟರಲ್ಲಿ ಅಪ್ಪನ ಮಾನ ಉಳಿಯಬೇಕಲ್ಲ! ನಾನು ಎದ್ದು, ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕಿನ ಮಾತೆತ್ತಿದೆ. ಸಬ್ ಇನ್ಸ್‌ಪೆಕ್ಟರು ತಕರಾರು ಮಾಡಲಿಲ್ಲ. ಅಪ್ಪನನ್ನು ಹೊಂಗೆಮರದ ಕೆಳಗೆ ಎಳೆದು ತಂದೆ.

“ಅಲ್ಲಮ್ಮಾ, ಅಷ್ಟು ಆಸೆಯಾಗಿ ಕೇಳ್ತಾವ್ರೆ. ಯೋಳ್ದೆ ಓದ್ರೆ ಏನಂದ್ಕೊಂತಾರೆ?”

“ಯೋಳಿದ್ರೆ ಕಳ್ಳ ಅಂದ್ಕೊಂತಾರೆ! ಕದ್ದಿಲ್ಲ ಅಂತ ಯೋಳು, ಆಮೇಲೆ ಬಾಯಿ ಮುಚ್ಕೊಂಡಿರು.”

ಅಪ್ಪ ಒಳಗೆ ಹೋಗಿ, “ನಾನು ಕದ್ದಿಲ್ಲ ಸ್ವಾಮಿ. ಇನ್ನೇನೂ ಯೋಳಲ್ಲ, ನನ್ ಮಗಳು ಬ್ಯಾಡ ಅಂದವ್ಳೆ,” ಎಂದು ತಲೆ ತಗ್ಗಿಸಿ ಕೂತ. ಕಾನೂನು ಗೆದ್ದಿತು. ಮನೆಗೆ ಬಂದ ಮೇಲೂ ಅಪ್ಪ ಗಣಿಯ ಮಾತೆತ್ತಲಿಲ್ಲ. ಅಮ್ಮನೇ ಗಾಬರಿಯಾಗಿ, “ನಿಮ್ಮಪ್ಪನ್ಗೆ ಏನ್ ಮಾಡ್ಬುಟ್ಟೆ ನೀನು?” ಎಂದು ನನ್ನನ್ನು ಗದರಿದಳು.

ಕೆಲವು ದಿನಗಳ ಮೇಲೆ ನಿಜವಾದ ಕಳ್ಳರು ಮಾಲಿನ ಸಮೇತ ಕಾಮಸಮುದ್ರದ ಕಡೆ ಸಿಕ್ಕಿಬಿದ್ದರು. ಆ ಸುದ್ದಿ ಹೇಳಲು ಸಬ್ ಇನ್ಸ್‌ಪೆಕ್ಟರು ತಾವೇ ಮನೆಗೆ ಬಂದರು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದರು, ಹೊರಡಲು ಎದ್ದವರು ಯಾಕೋ ಮತ್ತೆ ಕೂತರು.

“ಯಜಮಾನ್ರೇ, ಅವತ್ತು ಕೇಬಲ್ ಎಳೆದ ಕಥೆ ಅರ್ಧಕ್ಕೆ ನಿಂತುಹೋಯ್ತು. ಆಮೇಲೆ ಏನಾಯ್ತು?”

ಅಪ್ಪನ ಬಾಯಿ ತೆರೆಯಿತು, ಮುಚ್ಚಿತು. ಅವನು ನನ್ನ ಕಡೆ ತಿರುಗಿದ.

“ಇವಾಗ ಯೋಳ್ಬೋದಾ ಮಗಾ?”

“ಯೋಳಪ್ಪಾ,” ಎಂದೆ. ನನಗೂ ಕೇಳಬೇಕಿತ್ತು.